ಬಿರಡೆ ಎಳೆದ ಸೊಸೆ

ಕನಾಜಾವಾ, ಜಪಾನ್
ಫೆಬ್ರವರಿ 9, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಷೆನ್ಯಾಂಗಿನ ಆ ಚಳಿಯಲ್ಲಿ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳದೆ ಮಾರುಕಟ್ಟೆಗೆ ಓಡುತ್ತಿದ್ದೀಯೆಂದು ಅಪ್ಪ ಚಾಡಿ ಹೇಳಿದರು. ನಾನು ಚೆನ್ನಾಗಿದ್ದೇನೆ. ಇಲ್ಲಿ ಹಿಮ ಬೀಳುವಾಗಲೂ ಹೋಟೆಲಿನಲ್ಲಿ ಐಸ್ ನೀರನ್ನೇ ತಂದಿಡುತ್ತಾರೆ. ನಾಚಿಕೆ ಬಿಟ್ಟು ನಮ್ಮ ಚೀನಾದವರ ಹಾಗೆ ಬಿಸಿನೀರು ಕೇಳಿ ಕುಡಿಯುತ್ತೇನೆ.

"ಕೊಹೇಯಿ ತಾಯಿ ಒಪ್ಪಿದ್ಳೋ ಇಲ್ವೋ, ಒಂದೇ ಮಾತಲ್ಲಿ ಹೇಳು" ಅಂತ ಫೋನಿನಲ್ಲಿ ಗದರಿದೆಯಲ್ಲ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಮೇಲಾಗಿ ಈ ಮನೆಯಲ್ಲಿ ಯಾವುದೂ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ನಿನ್ನೆ ನಾನು ಮೊದಲ ಸಲ ಇಲ್ಲಿಗೆ ಬಂದಾಗ ಅವನ ತಾಯಿ ಮಿತ್ಸುಯೆ ಅವರು ನನ್ನ ಉಡುಗೊರೆಯನ್ನು ಬಿಚ್ಚದೆ ಪಕ್ಕಕ್ಕಿಟ್ಟರು. ಮದುವೆಯ ಮಾತು ಬಂದಾಗ "ಹೌದಾ, ಹೌದಾ" ಎನ್ನುತ್ತ ನಕ್ಕು ಚಹಾ ಬಗ್ಗಿಸಿದರು. ಅದು ಒಪ್ಪಿಗೆಯೋ ಅಲ್ಲವೋ, ಅಷ್ಟು ಜಪಾನಿ ಸಾಹಿತ್ಯ ಓದಿದ ನನಗೂ ತಿಳಿಯಲಿಲ್ಲ.

ಸಂಜೆ ಅತಿಥಿಯೆಂದು ನನ್ನನ್ನೇ ಮೊದಲು ಸ್ನಾನಕ್ಕೆ ಕಳಿಸಿದರು. ಹೊರಗೆ ಮೈ ತೊಳೆದುಕೊಂಡೇ ತೊಟ್ಟಿಗೆ ಇಳಿಯಬೇಕು ಎನ್ನುವಷ್ಟನ್ನು ಕೊಹೇಯಿ ಹೇಳಿಕೊಟ್ಟಿದ್ದ. ಎದ್ದ ಮೇಲೆ, ನಾನು ಕೂತೆದ್ದ ನೀರನ್ನು ಹಾಗೇ ಬಿಟ್ಟರೆ ನಿನ್ನ ಮಗಳಿಗೆ ಸಂಸ್ಕಾರವಿಲ್ಲ ಅಂದುಕೊಂಡಾರೆಂದು ಬಿರಡೆ ಎಳೆದೆ. ನೀರೆಲ್ಲ ಹರಿದುಹೋದ ಮೇಲೆ ತೊಟ್ಟಿಯನ್ನೂ ಫಳಫಳ ಉಜ್ಜಿದೆ. ಬಾಗಿಲು ತೆರೆದರೆ ಅವನಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಾಯುತ್ತಿದ್ದಾರೆ. ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಇಳಿಯುವುದು ಅದೇ ನೀರಿಗಂತೆ.

ನೀನಾಗಿದ್ದರೆ ನೆರೆಮನೆಗೆಲ್ಲ ಕೇಳುವಂತೆ ಬೈದು, ಆಮೇಲೆ ಬಾಯಿಗೊಂದು ಕಡುಬು ತುರುಕುತ್ತಿದ್ದೆ. ಮಿತ್ಸುಯೆ ಅವರೋ ತಲೆ ಬಾಗಿಸಿ, ಮೊದಲೇ ಹೇಳದೆ ಇದ್ದದ್ದು ತಮ್ಮದೇ ತಪ್ಪೆಂದು ನನ್ನ ಕ್ಷಮೆ ಕೇಳಿದರು. ಅದಕ್ಕಿಂತ ಬೈಗುಳವೇ ವಾಸಿ. ಅವನಪ್ಪ ಮಾತ್ರ ಒಳಗೆ ಇಣುಕಿ, "ಇಷ್ಟು ಚೊಕ್ಕ ತೊಟ್ಟೀಗೆ ಇಳಿಯೋಕೇ ಮನಸ್ಸು ಬರಲ್ಲ" ಅಂದರು.

ನೀರು ಮತ್ತೆ ತುಂಬಿ ಕಾಯುವಷ್ಟರಲ್ಲಿ ಹೊತ್ತಾಗುತ್ತದೆಂದು ಮಿತ್ಸುಯೆ ಅವರು ಬೀದಿಯ ಕೊನೆಯ ಸಾರ್ವಜನಿಕ ಸ್ನಾನದ ಮನೆಗೆ ಹೊರಟರು. ಸ್ನಾನವಾಗಿದ್ದರೂ ತಪ್ಪಿತಸ್ಥೆಯಂತೆ ನಾನೂ ಹಿಂದೆ ಹೋದೆ. ಅಲ್ಲಿ ಹೆಂಗಸರೆಲ್ಲ ಮಣೆಗಳ ಮೇಲೆ ಕೂತು ಸದ್ದಿಲ್ಲದೆ ಮೈ ತಿಕ್ಕಿಕೊಳ್ಳುತ್ತಿದ್ದರು. ಮಿತ್ಸುಯೆ ಅವರ ಕೈ ಬೆನ್ನಿನ ನಡುವಿಗೆ ಎಟುಕುತ್ತಿರಲಿಲ್ಲ. "ತಿಕ್ಕಲೇ?" ಎಂದು ಕೇಳುವ ಧೈರ್ಯ ನನಗೆಲ್ಲಿಯದು? ಸುಮ್ಮನೆ ಅವರ ಕೈಯಿಂದ ತಿಕ್ಕುವ ಬಟ್ಟೆ ತೆಗೆದುಕೊಂಡು, ನಮ್ಮೂರಿನ ಸ್ನಾನದ ಮನೆಯಲ್ಲಿ ನೀನು ನನಗೆ ತಿಕ್ಕುವ ಹಾಗೆ, ತೊಗಲು ಕೆಂಪಾಗುವಂತೆ ತಿಕ್ಕಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು. ಇವರು ಬಿಗಿಯಾಗಿ ಕೂತರು. ಎಲ್ಲ ಕೆಟ್ಟಿತೆಂದು ಕೈ ನಿಲ್ಲಿಸಿದೆ.

"ನಿಲ್ಲಿಸ್ಬೇಡ," ಅಂದರು, ತಿರುಗದೆ. "ಇನ್ನೂ ಸ್ವಲ್ಪ ಮೇಲೆ. ಜೋರಾಗೇ ತಿಕ್ಕು."

ತಮಗೆ ಬೇಕಾದ್ದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅಮ್ಮಾ. ಆಮೇಲೆ ನನ್ನನ್ನು ಕೂರಿಸಿ ತಾವೂ ನನ್ನ ಬೆನ್ನು ತಿಕ್ಕಿದರು, ಪಿಂಗಾಣಿ ಬಟ್ಟಲು ಒರೆಸುವಷ್ಟು ಮೆಲ್ಲಗೆ. ಕಚಗುಳಿ ತಡೆಯಲಾರದೆ ನಕ್ಕುಬಿಟ್ಟೆ. ಅವರೂ ನಕ್ಕರು.

ಇವತ್ತು ಸ್ನಾನದ ಸರದಿಯಲ್ಲಿ ನನ್ನನ್ನು ಎಲ್ಲರಿಗಿಂತ ಕೊನೆಗೆ ಹಾಕಿದ್ದಾರೆ. ಅತಿಥಿಯನ್ನು ಯಾರೂ ಕೊನೆಗೆ ಇಡುವುದಿಲ್ಲವಂತೆ; ಅದು ಮನೆಯ ಸೊಸೆಯ ಸರದಿಯಂತೆ. ಕೊಹೇಯಿ ಕುಣಿಯುತ್ತಿದ್ದಾನೆ.

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಪಟ್ಟಿ ಕಟ್ಟಿಕೋ.

ನಿನ್ನ ಮಗಳು,
ಷೂವೆನ್

ತಾ.ಕ.: ಅಂಚೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಮೂವರೂ ಹೆಣ್ಣು ಕೇಳಲು ನಮ್ಮ ಮನೆಗೆ ಬರುತ್ತಾರೆ. ತಟ್ಟೆಯಲ್ಲಿ ಬಿಟ್ಟರೆ ಅಡುಗೆ ಮಾಡಿದವರಿಗೆ ಅವಮಾನವೆಂದು ಇವರು ಒಂದಗುಳೂ ಬಿಡುವವರಲ್ಲ; ಖಾಲಿ ತಟ್ಟೆ ಕಂಡರೆ ನೀನು ಬಡಿಸದೆ ಬಿಡುವವಳಲ್ಲ. ಎರಡು ಸಲ ಬಡಿಸಿ ಕೈ ಕಟ್ಟಿ ಕೂತುಬಿಡು ಅಮ್ಮಾ. ಮದುವೆಯ ದಿನ ನನಗೆ ಅತ್ತೆ ಜೀವಂತ ಬೇಕು.