ನೇಪಲ್ಸಿನ ಪಿಜ್ಜಾ ಸಪ್ಪೆ

ನೇಪಲ್ಸ್
೧೬ ಅಕ್ಟೋಬರ್ ೧೯೮೬

ಮಗಳೇ ಲೊರೆದಾನಾ,

ನಾನು ಇಲ್ಲಿ ಗಟ್ಟಿಮುಟ್ಟಾಗಿದ್ದೇನೆ. ನೀನೂ ಹಾಗೇ ಇರು. ನಿನ್ನ ಗಂಡ ಪಿಯೆರೊನೂ ಚೆನ್ನಾಗಿರಲಿ, ಅವನ ನಾಲಿಗೆಯೊಂದು ನಾಲ್ಕು ದಿನ ಹಾಸಿಗೆ ಹಿಡಿದರೆ ನನ್ನ ಅಭ್ಯಂತರವೇನಿಲ್ಲ. ರೈಲು ಇಳಿದ ಕೂಡಲೇ ಕಾಗದ ಹಾಕುತ್ತೇನೆ ಅಂದವಳು ಇಷ್ಟು ದಿನ ಸುಮ್ಮನಿದ್ದೆ. ಮರೆತಲ್ಲ, ಬೇಕೆಂದೇ. ಸಿಟ್ಟಿನಲ್ಲಿ ಬರೆದದ್ದು ಅಂಚೆಪೆಟ್ಟಿಗೆಗೆ ಬಿದ್ದ ಮೇಲೆ ವಾಪಸ್ಸು ಬರುವುದಿಲ್ಲ ಅಂತ ಕಾದೆ. ಸಿಟ್ಟು ಇಳಿಯಲಿಲ್ಲ. ಹಾಗಾಗಿ ಅದರ ಜೊತೆಯಲ್ಲೇ ಬರೆಯಲು ಕೂತಿದ್ದೇನೆ.

ನಾನು ಯಾಕೆ ಹೊರಟು ಬಂದೆ ಅಂತ ನೆನಪಿದೆಯಲ್ಲ? ಆ ಶನಿವಾರ ನಮ್ಮ ಪಿಜ್ಜಾ ಅಂಗಡಿ ತುಂಬ ಜನ ಕೂತಿದ್ದಾಗ ಪಿಯೆರೊ ನಾನು ಮಾಡಿದ್ದನ್ನು ಒಂದು ತುಂಡು ಬಾಯಿಗಿಟ್ಟು, "ಅತ್ತೇ, ಇದು ಪಿಜ್ಜಾನೋ, ಉಪ್ಪಲ್ಲಿ ಹೂತಿಟ್ಟ ಮೀನೋ?" ಅಂದ. ಗಿರಾಕಿಗಳು ನಕ್ಕರು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಅಳಿಯ ಉತ್ತರದವನು, ಟ್ಯೂರಿನ್ನಿನಲ್ಲಿ ಬೆಣ್ಣೆ ತಿಂದು ಬೆಳೆದವನು, ಅವನಿಗೇನು ಗೊತ್ತು. ಆದರೆ ನೀನು? ನಿನ್ನಪ್ಪನೂ ನಾನೂ ಸೇರಿ ಕಟ್ಟಿಸಿದ ಒಲೆಯ ಮುಂದೆ ಹೊಸ ಅಡುಗೆಯವನನ್ನು ನಿಲ್ಲಿಸಿ, "ಅಮ್ಮ, ನೀನಿನ್ನು ಗಲ್ಲಾ ಹತ್ರ ಕೂತ್ಕೋ, ಈಚೆಗೆ ನಿನ್ ಕೈ ಉಪ್ಪಾಗ್ತಿದೆ" ಅಂದೆ. ಗಲ್ಲಾ ಹತ್ತಿರ! ನಾನೇನು ಹೂದಾನಿಯೇ? ನಮ್ಮೂರು ನೇಪಲ್ಸಿಗೆ ಹೋಗಿ, ಅಲ್ಲಿನ ಪಿಜ್ಜಾ ತಿಂದು, ಯಾರ ಉಪ್ಪು ಸರಿ ಅಂತ ತಿಳಿದುಕೊಂಡೇ ಬರುತ್ತೇನೆ, ಅಲ್ಲಿಯವರೆಗೆ ಆ ಒಲೆಯನ್ನು ಯಾರಿಗೂ ಪೂರ್ತಿಯಾಗಿ ಒಪ್ಪಿಸಬೇಡ ಅಂದೆ. ಆಗಲಿ ಅಂದಿದ್ದೀಯ. ಮಾತಿಗೆ ತಪ್ಪಬೇಡ.

ನನ್ನ ದೊಡ್ಡಮ್ಮನ ಮಗಳು ತಿತಿನಾ ಮನೆಯಲ್ಲಿ ಇಳಿದುಕೊಂಡಿದ್ದೇನೆ. ಬೀದಿಗೇ ಬಾಗಿಲು ತೆರೆಯುವ ಒಂದೇ ಕೋಣೆ. ಓಣಿಯಲ್ಲಿ ಯಾರು ಯಾರಿಗೆ ಬೈದರೂ ಮೊದಲು ನಮ್ಮ ಮಂಚಕ್ಕೇ ಬಂದು ಬೀಳುತ್ತದೆ. ಅವಳಿಗೆ ಮಂಡಿನೋವು, ಆದರೂ ನನ್ನ ಹಿಂದೆ ಊರೆಲ್ಲ ಸುತ್ತಿದಳು. "ರಫಿಲೀ, ನೀನು ಪಿಜ್ಜಾ ತಿನ್ನೋಕೆ ಬಂದ್ಯೋ, ಮಗಳಿಗೆ ಗಂಡು ನೋಡೋಕೆ ಬಂದ್ಯೋ? ಒಂದೂ ಒಪ್ಗೆ ಆಗ್ತಿಲ್ವಲ್ಲೇ!" ಅಂತ ದಾರಿಯುದ್ದಕ್ಕೂ ರೇಗಿಸುವುದು.

ಒಪ್ಪಿಗೆ ಆಗುವುದಾದರೂ ಹೇಗೆ? ಸ್ಟೇಷನ್ ಹತ್ತಿರ, ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತಿ ಕೊಡುತ್ತಾರಲ್ಲ, ಅದನ್ನು ಬೀದಿಯಲ್ಲಿ ನಿಂತೇ ತಿಂದೆ. ಎಣ್ಣೆ ಮೊಣಕೈವರೆಗೆ ಇಳಿಯಿತು, ರುಚಿ ಮಾತ್ರ ನಾಲಿಗೆವರೆಗೂ ಬರಲಿಲ್ಲ. ರೈಲು ಹಿಡಿಯುವವರಿಗೆ ಮಾಡಿದ್ದು, ಹೋಗಲಿ ಅಂದುಕೊಂಡೆ. ಮರುದಿನ ಓಣಿಯ ಬಾಯಲ್ಲಿ ಒಬ್ಬಳು ಬಾಣಲೆ ಇಟ್ಟುಕೊಂಡು ಪಿಜ್ಜಾ ಕರಿಯುತ್ತಿದ್ದಳು, ಒಳಗೆ ಗಿಣ್ಣಿನಂಥ ರಿಕೋತ್ತ, ಹಂದಿಯ ಕೊಬ್ಬಿನ ಕರಿದ ಚೂರು. ಅದೂ ಸಪ್ಪೆ. "ಏನಮ್ಮಾ, ಈ ಊರಲ್ಲಿ ಉಪ್ಪಿಗೆ ಬರ ಬಂತಾ?" ಅಂದೆ. ಅವಳು ಸೊಂಟಕ್ಕೆ ಕೈಯಿಟ್ಟು, "ಉಪ್ಪಿಗೆ ಬಂದಿಲ್ಲ ತಾಯೀ, ಒಳ್ಳೆ ಮಾತಿಗೆ ಬಂದಿದೆ. ಎಲ್ಲಿಂದ ಬಂದ್ರಿ, ಉತ್ತರದಿಂದಾನಾ?" ಅಂದಳು. ನನ್ನನ್ನು! ಈ ಓಣಿಯಲ್ಲೇ ಅಂಬೆಗಾಲಿಟ್ಟವಳನ್ನು!

ಕೊನೆಗೆ ಸಾಬಾತೊನ ಅಂಗಡಿಗೆ ಹೋದೆವು. ನಿನ್ನಪ್ಪ ಮದುವೆಗೆ ಮುಂಚೆ ನನ್ನನ್ನು ಮೊದಲ ಸಲ ಕರೆದುಕೊಂಡು ಹೋಗಿದ್ದು ಅಲ್ಲಿಗೇ. ಆಗ ಒಲೆಯ ಮುಂದೆ ಇವನ ತಂದೆ ಇದ್ದ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಸೊಪ್ಪು, ಎಣ್ಣೆ, ಅಷ್ಟೇ ಹಾಕಿದ ಪಿಜ್ಜಾ. ನಿನ್ನಪ್ಪ ಏನು ಮಾತಾಡಿದನೋ ಒಂದೂ ನೆನಪಿಲ್ಲ, ಆ ಪಿಜ್ಜಾದ ರುಚಿ ಮಾತ್ರ ಇಂದಿಗೂ ನೆನಪಿದೆ. ಟ್ಯೂರಿನ್ನಿನಲ್ಲಿ ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಅದನ್ನೇ ನೆನೆದು ಮಾಡಿದ್ದು. ಅದೇ ಪಿಜ್ಜಾ ಕೇಳಿದೆ. ಬಂತು. ಅಂಚು ಉಬ್ಬಿತ್ತು, ಅಲ್ಲಲ್ಲಿ ಸುಟ್ಟ ಕಪ್ಪು ಚುಕ್ಕೆ ಬಿದ್ದಿತ್ತು, ಕಣ್ಣಿಗೆ ಹಬ್ಬ. ಬಾಯಿಗಿಟ್ಟೆ. ಒದ್ದೆ ರಟ್ಟು ಅಗಿದ ಹಾಗಾಯಿತು.

"ಸ್ವಲ್ಪ ಉಪ್ಪು ಕೊಡಿ" ಅಂತ ಕೇಳಿದೆ.

ಪಕ್ಕದ ಮೇಜಿನವರು ಕತ್ತು ತಿರುಗಿಸಿ ನೋಡಿದರು. ತಿತಿನಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಸಾಬಾತೊ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಒಲೆಯ ಬಳಿಯಿಂದ ಬಂದ.

"ಉಪ್ಪು ಯಾವ್ದಕ್ಕಮ್ಮಾ?"

"ಪಿಜ್ಜಾಗೆ."

"ನನ್ ಪಿಜ್ಜಾಗಾ?"

"ನಿಂದಲ್ದೆ ಪೋಪ್ ಸ್ವಾಮಿಗಳ್ದಾ? ಕೊಡಪ್ಪ."

ತಂದ. ನಾನು ಕೈ ಚಾಚಿದರೂ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟ. "ಜಗಳ ಆಗ್ಲೇ ಬೇಕಾದಷ್ಟಿದೆ, ಉಪ್ಪು ಕೈಗೆ ಕೊಟ್ಟು ಇನ್ನೊಂದು ತಂದ್ಕೊಳೋದು ಬೇಡ" ಅಂದ. ನಾನು ಧಾರಾಳವಾಗಿ ಉದುರಿಸಿಕೊಂಡು ತಿಂದೆ. ತಿತಿನಾ ನನ್ನ ತಟ್ಟೆಯಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡವಳೇ ಕರವಸ್ತ್ರಕ್ಕೆ ಉಗಿದು, ನೀರಿನ ಲೋಟಕ್ಕೆ ಕೈ ಹಾಕಿದಳು. "ಅಯ್ಯೋ ದೇವರೇ, ನಿಂದು ಬಾಯೋ, ಚರಂಡಿಯೋ?" ಅಂದಳು. ಸಾಬಾತೊನೂ ಒಂದು ಚೂರು ತಿಂದು ನೋಡಿದ. ಅವನು ನಗಲಿಲ್ಲ. ಮೆತ್ತಗೆ, "ಎಷ್ಟು ದಿನದಿಂದ ಹೀಗೆ, ಅಮ್ಮಾ?" ಅಂದ, ಡಾಕ್ಟರ ಥರ.

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮಪ್ಪ ಸತ್ತ ದಿನದಿಂದ! ಅವನ ಕಾಲದಲ್ಲಿ ಇಲ್ಲಿ ಪಿಜ್ಜಾ ಸಿಗ್ತಿತ್ತು" ಅಂತ ಹೇಳಿ ಎದ್ದು ಬಂದೆ.

ಆದ್ದರಿಂದ ನನ್ನ ತೀರ್ಮಾನ ಕೇಳು. ನೇಪಲ್ಸ್ ಕೆಟ್ಟುಹೋಗಿದೆ. ಇಡೀ ಊರು ಕೈ ಬಿಗಿಹಿಡಿದು ಸಪ್ಪೆ ತಿನ್ನುತ್ತಿದೆ, ತಿಂದು ಆಹಾ ಅನ್ನುತ್ತಿದೆ. ಈಗ ಸರಿಯಾದ ಪಿಜ್ಜಾ ಮಾಡುವ ಕೈ ಒಂದೇ ಒಂದು ಉಳಿದಿದೆ, ಅದನ್ನು ನೀನು ಗಲ್ಲಾಪೆಟ್ಟಿಗೆಯ ಮೇಲೆ ಇಡಬೇಕೆಂದಿದ್ದೀಯ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ನೀನು ಎರಡನ್ನೂ ಒಂದೇ ದಿನ ಒಲೆಯ ಬಳಿಯಿಂದ ಓಡಿಸಿದೆ. ನಾನು ಓಡುವವಳಲ್ಲ. ಭಾನುವಾರದ ರೈಲಿಗೆ ಬರುತ್ತಿದ್ದೇನೆ. ಆ ಹೊಸ ಅಡುಗೆಯವನಿಗೆ ಬೇರೆ ಕೆಲಸ ನೋಡಿಕೊಳ್ಳಲು ಹೇಳು.

ಕೆಮ್ಮು ಹೋಯಿತೇ? ಎದೆಗೆ ಬೆಚ್ಚಗೆ ಹೊದ್ದುಕೋ, ಅಲ್ಲಿಯ ಮಂಜನ್ನು ನಂಬಬೇಡ. ಎಷ್ಟು ಬೈದರೂ ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಮಾತೆ ಮರಿಯಳು ನಿನ್ನನ್ನೂ, ನಿನ್ನ ಮನೆಯನ್ನೂ, ಆ ಬಾಯಿಬಡುಕ ಪಿಯೆರೊನನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ರಫಿಲಿನಾ

ತಾ.ಕ.: ಇಷ್ಟು ಬರೆದು ಮಡಿಸಿಟ್ಟಿದ್ದೆ, ಅಂಚೆಗೆ ಹಾಕಿರಲಿಲ್ಲ. ಇವತ್ತು ಬೆಳಿಗ್ಗೆ ತಿತಿನಾ, "ಬಾರೇ ಮೊಂಡಿ" ಅಂತ ಕೈ ಹಿಡಿದು ಕಡಲದಂಡೆಗೆ ಎಳೆದುಕೊಂಡು ಹೋದಳು. ದೋಣಿ ಕಟ್ಟುವ ಮೆಟ್ಟಿಲಿನವರೆಗೆ ಇಳಿಸಿ, "ಬಾಯಿಗೆ ಹಾಕ್ಕೋ" ಅಂದಳು. ನಗುತ್ತಲೇ ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.

ಲೊರೆದಾನಾ, ಸಮುದ್ರವೂ ಸಪ್ಪೆ.

ಸಮುದ್ರದ ಮೇಲೆ ತಪ್ಪು ಹೊರಿಸಲು ನನಗೂ ಬಾಯಿ ಬರಲಿಲ್ಲ. ಹೆದರಿಕೆಯಾಯಿತು ಮಗಳೇ, ನಿನ್ನಪ್ಪ ಹೋದ ದಿನವೂ ಇಷ್ಟು ಹೆದರಿರಲಿಲ್ಲ. ಪಿಯೆರೊಗೆ ನೀನು ಹೇಳಬೇಡ, ನಾನೇ ಹೇಳುತ್ತೇನೆ. ಆದರೆ ಗಲ್ಲಾ ಹತ್ತಿರ ನಾನು ಕೂರುವುದಿಲ್ಲ, ಅದಂತೂ ಖಂಡಿತ. ಇನ್ನು ಮೇಲೆ ಉಪ್ಪು ನೀನು ಹಾಕು. ಹಿಟ್ಟು ನಾನೇ ನಾದುತ್ತೇನೆ.