ತುಳಿಸಿಕೊಳ್ಳದ ಕಾಲು

ದೇವನಹಳ್ಳಿ, ಸೋಮವಾರ

ಕುಂದಾಣದ ಅಜ್ಜಿಗೆ, ಮೊಮ್ಮಗಳು ರಂಜಿತಳ ನಮಸ್ಕಾರ.

ಗೆದ್ದುಬಿಟ್ಟೆವು ಅಜ್ಜಿ! ತಾಲ್ಲೂಕು ಖೊ-ಖೊ ಫೈನಲ್‌ನಲ್ಲಿ ಎದುರು ತಂಡದ ಕೊನೆಯ ಹುಡುಗಿಯನ್ನು ಮುಟ್ಟಿದ್ದು ನಾನೇ, ಅದೂ ಉಳುಕಿದ್ದ ಕಾಲಲ್ಲಿ ಓಡಿ.

ನೀನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆಂದು ಊರೆಲ್ಲ ನಿನ್ನಿಂದಲೇ ತುಳಿಸಿಕೊಳ್ಳುತ್ತದೆ. ನನ್ನ ಕಾಲು ಉಳುಕಿದಾಗ ನಾನು ತುಳಿಸಿಕೊಳ್ಳಲು ಒಪ್ಪದೆ ಆಸ್ಪತ್ರೆಗೆ ಹೊರಟರೆ ನೀನು "ಡಾಕ್ಟ್ರು ನನಗಿಂತ ದೊಡ್ಡೋನೇನೇ?" ಎಂದು ಮುನಿಸಿಕೊಂಡೆ. ಪಾದ ಒಳಕ್ಕೆ ಹೊರಳಿ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಅರ್ಧ ಹರಿದಿತ್ತಂತೆ, ಡಾಕ್ಟ್ರು ಹೇಳಿದರು. ತುಳಿದಿದ್ದರೆ ಪೂರ್ತಿ ಹೋಗುತ್ತಿತ್ತು. ಪಟ್ಟಿ ಬಿಚ್ಚಿದ ಮೇಲೆ ಒಂಟಿಕಾಲಲ್ಲಿ ನಿಲ್ಲುವುದನ್ನೇ ಹೊಸದಾಗಿ ಕಲಿತೆ.

ಇನ್ನು ಮೇಲೆ ಕಾಲೂರಲಾಗದವರು ಬಂದರೆ ತುಳಿಯಬೇಡ, ಎಕ್ಸ್‌ರೇಗೆ ಕಳಿಸು.

ಭಾನುವಾರ ಕಪ್ ಹಿಡಿದು ಬರುತ್ತೇನೆ. ಹುಟ್ಟುವಾಗ ಇಟ್ಟಂತೆ ಕಾಲು ಮುಂದಿಟ್ಟು ಬಾಗಿಲಲ್ಲೇ ನಿಂತಿರು. ಆ ಕಾಲಿಗೆ ಬೀಳಬೇಕು.

ನಿನ್ನ ಹಟಮಾರಿ,
ರಂಜಿತ