ಮೀನಿನ ಬಾಯಲ್ಲಿ ಮೀನು

ನೋವಾ ಓಲಿಂದ
6 ಜುಲೈ 1997

ಮುದ್ದಿನ ಮಗಳು ಕೆಜಿಯಾಗೆ, ಕರ್ತನ ಸಮಾಧಾನ.

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ರೆಸಿಫೆಯ ಸಮುದ್ರದ ಗಾಳಿಗೆ ಒದ್ದೆ ತಲೆಯಲ್ಲಿ ತಿರುಗಬೇಡ ಎಂದರೆ ನೀನೆಲ್ಲಿ ಕೇಳುತ್ತೀಯ, ಅಪ್ಪನ ಮಗಳು! ನಾವು ಕ್ಷೇಮ. ಅಂದರೆ ಅಪ್ಪ ಕ್ಷೇಮ. ನನಗೆ ಊಟ ಸೇರುತ್ತಿಲ್ಲ. ಹೆದರಿಕೆಯಾಗಿದೆ ಮಗಳೇ.

ಹೋದ ವಾರ ಅಪ್ಪ ಗಣಿಯಲ್ಲಿ ಹಾಸುಗಲ್ಲು ಸೀಳುವಾಗ ಕಲ್ಲಾದ ಮೀನೊಂದು ಸಿಕ್ಕಿತು. ಇಲ್ಲಿ ಅದೇನು ಹೊಸದೇ, ನಮ್ಮ ಅಂಗಳಕ್ಕೆ ಹಾಸಿರುವುದೂ ಮೀನಿನ ಕಲ್ಲೇ. ಆದರೆ ಇದರ ಬಾಯಲ್ಲಿ ಇನ್ನೊಂದು ಪುಟ್ಟ ಮೀನಿದೆ, ಅರ್ಧ ನುಂಗಿದ್ದು, ಬಾಲ ಮಾತ್ರ ಹೊರಗೆ. ಕಲ್ಲುಗಳ ಶಾಸ್ತ್ರ ಓದುವ ನೀನು ಬರೆದಿದ್ದೆಯಲ್ಲ, ನಮ್ಮೂರ ಮೀನುಗಳು ಮನುಷ್ಯ ಹುಟ್ಟುವುದಕ್ಕಿಂತ ಕೋಟ್ಯಂತರ ವರ್ಷ ಹಿಂದಿನವು, "ದೇವರ ದಿನಾನ ನಮ್ಮ ಗಡಿಯಾರದಲ್ಲಿ ಅಳೀಬೇಡಮ್ಮ" ಅಂತ. ಮಾಡಿದವನು ದೇವರೇ ಎಂದು ನೀನೂ ಹೇಳಿದ ಮೇಲೆ ಅಷ್ಟನ್ನು ಹೇಗೋ ಒಪ್ಪಿಕೊಂಡಿದ್ದೆ. ಈ ಪುಟ್ಟದನ್ನು ಕಂಡ ಮೇಲೆ ಮಾತ್ರ ಆ ಲೆಕ್ಕ ಕೂಡಿಬರುತ್ತಿಲ್ಲ. ಆದಾಮ ಪಾಪ ಮಾಡಿದ ಮೇಲಲ್ಲವೇ ಲೋಕಕ್ಕೆ ಸಾವು ಬಂದದ್ದು? ಆದಾಮನೇ ಇಲ್ಲದಾಗ ಇದು ಹೇಗೆ ಸತ್ತಿತು?

ಪಾಸ್ಟರ್ ಜೊಸಿಮಾರ್ ಮನೆಗೆ ಬಂದಾಗ ತೋರಿಸಿದೆ. "ನೋಹನ ಕಾಲದ ಪ್ರಳಯದಲ್ಲಿ ಮುಳುಗಿ ಸತ್ತಿದ್ದು ತಂಗಿ, ಅನುಮಾನ ಪಡಬೇಡಿ" ಎಂದರು. ಅವರು ಬಾಗಿಲು ದಾಟಿದ್ದೇ ತಡ, ಅಪ್ಪ "ಮೀನು ನೀರಲ್ಲಿ ಮುಳುಗಿ ಸಾಯ್ತಂತೆ, ಕೇಳಿದ್ಯೇನೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೀನು ಮೀನನ್ನ ತಿಂದ್ರೆ ನೀನ್ಯಾಕೆ ಊಟ ಬಿಟ್ಟೆ?"

ನನಗೆ ನಗು ಬರಲಿಲ್ಲ. ಬೈಬಲಿನ ಮೊದಲ ಪುಟವೇ ಸುಳ್ಳಾದರೆ ಕೊನೆಯ ಪುಟದ ಗತಿಯೇನು? ನಿನಗಿಂತ ಮೊದಲು ಹುಟ್ಟಿ, ಹೆಸರಿಡುವಷ್ಟು ದಿನ ಇದ್ದು ಹೋದ ನಿನ್ನ ಅಣ್ಣ ಅಬ್ನೆರ್‌ನನ್ನು ಪರಲೋಕದಲ್ಲಿ ಎತ್ತಿಕೊಳ್ಳುತ್ತೇನೆ ಎಂದು ಕಾದು ಕೂತವಳು ನಾನು. ಆ ಬಾಗಿಲೂ ಮುಚ್ಚಿದರೆ? ಕಲ್ಲನ್ನು ಬಟ್ಟೆ ಒಗೆಯುವ ತೊಟ್ಟಿಯ ಹಿಂದೆ ಬೋರಲು ಹಾಕಿದ್ದೇನೆ. ಇಷ್ಟೆಲ್ಲ ಓದಿಯೂ ನೀನು ಹೇಗೆ ಪ್ರಾರ್ಥನೆ ಮಾಡುತ್ತೀಯ, ಬರೆ. ಮಾಡುತ್ತೀಯ ತಾನೇ?

ಅಪ್ಪ ಬೆಲ್ಲದ ಅಚ್ಚು ಕಳಿಸಿದ್ದಾರೆ, ಗೆಳತಿಯರಿಗೂ ಕೊಡು. ಕರ್ತನು ನಿನ್ನನ್ನು ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ ಅಮ್ಮ
ಲಿಂದಾಲ್ವಾ

ತಾ.ಕ.: ಈ ಕಾಗದ ಒಯ್ಯುವ ಬಸ್ಸು ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಅಬ್ನೆರ್ ಹೊಟ್ಟೆಯಲ್ಲಿದ್ದಾಗ ನಾನು ನಮ್ಮ ಸಭೆಯವರು ಹೋಗಬಾರದೆನ್ನುವ ಸಂತ ಜೋವಾನರ ಹಬ್ಬಕ್ಕೆ ಹೋಗಿ ಬೆಂಕಿಯ ಸುತ್ತ ಕುಣಿದಿದ್ದೆ. ಆ ಪಾಪಕ್ಕೇ ಮಗು ಹೋಯಿತು ಎಂದು ಸಭೆಯ ಹೆಂಗಸರು ಅಂದರು, ನಾನೂ ನಂಬಿದೆ. ಯಾರೂ ಪಾಪ ಮಾಡುವ ಮೊದಲೇ ಆ ಪುಟ್ಟ ಮೀನು ಸತ್ತಿದ್ದರೆ, ನನ್ನ ಮಗು ನನ್ನಿಂದ ಸಾಯಲಿಲ್ಲ, ಅಲ್ಲವೇ? ಚೆನ್ನಾಗಿ ವಿಚಾರಿಸಿ ಬರೆ. ಅಮ್ಮನ ಸಮಾಧಾನಕ್ಕೆಂದು ಬರೆಯಬೇಡ.